ನಾಟಿಯ ಗುಂಪು, ಕಂತಿನ ಗುಂಪು

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂತೆಂದರೆ ಸಿಂಧನೂರು ಸೀಮೆಯ ಹೆಂಗಸರಿಗೆ ನಿದ್ದೆ ಕಮ್ಮಿಯಾಗುತ್ತದೆ. ಸಸಿ ಹದಕ್ಕೆ ಬಂದ ಮೇಲೆ ನಾಟಿ ಕಾಯುವುದಿಲ್ಲ. ನಸುಕಿನಲ್ಲೇ ಎದ್ದು ಒಲೆ ಹಚ್ಚಬೇಕು, ರೊಟ್ಟಿ ಬಡಿಯಬೇಕು, ಪುಂಡಿಪಲ್ಯ ಮಾಡಿ ಬುತ್ತಿ ಕಟ್ಟಬೇಕು, ದನದ ಕಸ ತೆಗೆದು ನೀರು ತುಂಬಬೇಕು. ಅಷ್ಟರಲ್ಲಿ ಓಣಿಯ ತುದಿಗೆ ಟಂಟಂ ಬಂದು ಹಾರ್ನ್ ಹೊಡೆಯುತ್ತದೆ. ಹತ್ತು ಮಂದಿ ಕೂಡುವ ಗಾಡಿಯಲ್ಲಿ ಇಪ್ಪತ್ತು ಮಂದಿ ಕೂತು ಹೊಲಕ್ಕೆ ಹೋಗುತ್ತಾರೆ. ಅಲ್ಲಿ ಇಡೀ ದಿನ ಸೊಂಟ ಬಗ್ಗಿಸಿ, ಎಡಗೈಲಿ ಹಿಡಿದ ಸಸಿಕಟ್ಟಿನಿಂದ ಎರಡು ಮೂರು ಎಸಳನ್ನು ಬಿಡಿಸಿ ಕೆಸರಿಗೊತ್ತುತ್ತ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕುವುದು. ಕಾಲ್ಬೆರಳ ಸಂದಿಯಲ್ಲಿ ಕೆಸರುಹುಣ್ಣು, ಉಗುರಿನ ಬುಡದಲ್ಲಿ ಉರಿ. ಸಂಜೆ ಮನೆಗೆ ಬಂದರೆ ಒಲೆ ಆರಿಕೊಂಡು ಕಾದಿರುತ್ತದೆ. ಅದೇ ಹೊಲದಿಂದ ಬಂದ ಗಂಡಸು ಕೈಕಾಲು ತೊಳೆದು ಕಟ್ಟೆಗೆ ಹೋಗಿ ಕೂರುತ್ತಾನೆ. ಇದನ್ನು ಯಾರೂ ಅನ್ಯಾಯ ಎಂದು ಹೆಸರಿಟ್ಟು ಕರೆಯುವುದಿಲ್ಲ.

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಕಳೆಯುವುದು 289 ನಿಮಿಷ, ಗಂಡಸರು 88 ನಿಮಿಷ. ಐದು ವರ್ಷ ಹಿಂದಿನ ಸಮೀಕ್ಷೆಯಲ್ಲಿ ಇದು 299 ಮತ್ತು 97 ಇತ್ತು. ಹೆಂಗಸರ ಹೊರೆ ಹತ್ತು ನಿಮಿಷ ಇಳಿಯಿತು, ಗಂಡಸರು ಅದಕ್ಕಿಂತ ಹಗುರಾದ ತಮ್ಮ ಹೊರೆಯಲ್ಲೂ ಒಂಬತ್ತು ನಿಮಿಷ ಇಳಿಸಿಕೊಂಡರು. ಅಂತರ ಇದ್ದಲ್ಲೇ ಇದೆ.

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ತಾಲ್ಲೂಕುಗಳನ್ನು ಒಂದೇ ಅಳತೆಗೋಲಿನಿಂದ ಅಳೆಯಲಾಗದು. ಸಿಂಧನೂರು ಭತ್ತದ ನಾಡು. ಕಾಲುವೆಯ ಬೆನ್ನಿಗೇ ಆಂಧ್ರದಿಂದ ಬಂದವರ ಕ್ಯಾಂಪುಗಳು ಎದ್ದವು, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಆರ್.ಎಚ್. ಕ್ಯಾಂಪುಗಳಾದವು. ಲಿಂಗಸುಗೂರು ಬಹುಪಾಲು ಒಣಭೂಮಿ. ತೊಗರಿ, ಸಜ್ಜೆ, ಹತ್ತಿ ಬೆಳೆಯುತ್ತದೆ, ತಾಂಡಾಗಳಿವೆ, ಮಳೆ ಕೈಕೊಟ್ಟ ವರ್ಷ ಬೆಂಗಳೂರು, ಪುಣೆಯ ಕಡೆ ಗುಳೆ ಹೋಗುವವರಿದ್ದಾರೆ. ದೇಶದ ಹೆಸರಾಂತ ಹಟ್ಟಿ ಚಿನ್ನದ ಗಣಿ ಇರುವುದೂ ಇದೇ ತಾಲ್ಲೂಕಿನಲ್ಲಿ. ಮಸ್ಕಿ ಇವೆರಡರ ನಡುವಿನದು. ಅರ್ಧ ಸೀಮೆಗೆ ನೀರುಂಟು, ಇನ್ನರ್ಧ ನೀರಿಗಾಗಿ ಕಾಯುತ್ತದೆ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಪಾಮನಕಲ್ಲೂರಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತಿದ್ದು ಈ ಭಾಗದ ಜನರೇ. ನೀರು ಇದ್ದ ಕಡೆ ಹೆಣ್ಣಿನ ಪಾಲು ಸುಧಾರಿಸಿರಬೇಕು ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಆಗಿರುವುದು ಬೇರೆ. ನೀರು ಬಂದಲ್ಲಿ ಹೆಣ್ಣಿಗೆ ಕೂಲಿಯ ದಿನಗಳು ಹೆಚ್ಚಿದವು, ಹೊಲದ ಮೇಲಿನ ಹಕ್ಕು ಹೆಚ್ಚಲಿಲ್ಲ.

ಕೂಲಿಯ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಹೆಣ್ಣಾಳಿಗೊಂದು ದರ, ಗಂಡಾಳಿಗೊಂದು ದರ ಎಂಬುದು ಇಲ್ಲಿ ಬಿಸಿಲು ಮಳೆಯಷ್ಟೇ ಸಹಜವಾಗಿ ನಡೆದುಕೊಂಡು ಬಂದಿದೆ. ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲಿ. ಗಂಡಸರ ಕೆಲಸ ಭಾರದ್ದು ಎಂಬುದು ಎಲ್ಲರ ಬಾಯಲ್ಲಿರುವ ಸಮರ್ಥನೆ. ಗೊಬ್ಬರದ ಚೀಲ ಹೊರುವುದು ಭಾರವೇ ಸರಿ. ಆದರೆ ಹತ್ತು ತಾಸು ಕೆಸರಿನಲ್ಲಿ ಬಗ್ಗಿ ನಿಲ್ಲುವುದು ಯಾವ ತಕ್ಕಡಿಯಲ್ಲಿ ಹಗುರವಾಯಿತು? ಯಂತ್ರಗಳು ಬಂದ ಬಗೆಯನ್ನೂ ನೋಡಬೇಕು. ಭತ್ತ ಕೊಯ್ಯುವ, ಬಡಿಯುವ ಕೆಲಸವನ್ನು ಕಟಾವು ಯಂತ್ರ ನುಂಗಿತು. ಅದರ ಸ್ಟೇರಿಂಗ್ ಗಂಡಸಿನ ಕೈಲಿದೆ, ಅದು ಕಿತ್ತುಕೊಂಡ ಕೂಲಿ ಹೆಚ್ಚಾಗಿ ಹೆಂಗಸರದು. ಕಳೆನಾಶಕ ಬಂದು ಕಳೆ ತೆಗೆಯುವ ದಿನಗಳು ಕಡಿಮೆಯಾದವು. ಬೆನ್ನು ಮುರಿಯುವ ನಾಟಿ ಮಾತ್ರ ಇನ್ನೂ ಬಹುಪಾಲು ಹೆಣ್ಣಿನ ಪಾಲಿಗೇ ಉಳಿದಿದೆ.

ಉದ್ಯೋಗ ಖಾತ್ರಿ ಈ ಲೆಕ್ಕವನ್ನು ಒಂದಿಷ್ಟು ಕದಲಿಸಿತು. 2005ರ ಆ ಕಾಯ್ದೆ ಗಂಡು ಹೆಣ್ಣಿಗೆ ಒಂದೇ ಕೂಲಿ ಎಂದಿತು, ಹಣ ಅವಳದೇ ಖಾತೆಗೆ ಬೀಳುವಂತಾಯಿತು. ಹಳ್ಳಿಯ ಎಷ್ಟೋ ಹೆಂಗಸರು ತಮ್ಮ ದುಡಿಮೆಗೆ ಗಂಡಸಿನಷ್ಟೇ ಬೆಲೆಯಿದೆ ಎಂಬುದನ್ನು ಕಾಗದದ ಮೇಲೆ ಕಂಡದ್ದು ಆಗಲೇ. ರಾಯಚೂರಿನಲ್ಲಿ ಕೆಲಸ ಮಾಡುವ ಗ್ರಾಮೀಣ ಕೂಲಿ ಕಾರ್ಮಿಕರ ಸಂಘಟನೆ, ಅಂದರೆ ಗ್ರಾಕೂಸ್, ಈ ಕಾಯ್ದೆಯ ಸುತ್ತಲೇ ಬಲಗೊಂಡಿತು. ಅರ್ಜಿ ಕೊಟ್ಟು ರಶೀದಿ ಕೇಳುವುದು, ಕೆಲಸ ಸಿಗದಿದ್ದರೆ ಪಂಚಾಯಿತಿ ಮುಂದೆ ಕೂರುವುದು, ಅಳತೆ ಸರಿಯಿಲ್ಲದಿದ್ದರೆ ಎಂಜಿನಿಯರನ್ನೇ ಹೊಲಕ್ಕೆ ಕರೆಸುವುದು, ಇವನ್ನೆಲ್ಲ ಅಕ್ಷರ ಬಾರದ ಹೆಂಗಸರು ಕಲಿತರು.

ನಾಟಿಯ ಗುಂಪಿನಲ್ಲೂ ಅಂಥದೊಂದು ಶಕ್ತಿಯಿದೆ. ನಾಟಿ ಈಗ ಹೆಚ್ಚಾಗಿ ಎಕರೆಯ ಲೆಕ್ಕದ ಗುತ್ತಿಗೆ. ಗುಂಪಿಗೊಬ್ಬ ಮುಂದಾಳು ಹೆಂಗಸು ಇರುತ್ತಾಳೆ. ದರ ಮಾತಾಡುವವಳು ಅವಳು, ಯಾರ ಹೊಲ ಮೊದಲು ಎಂದು ನಿರ್ಧರಿಸುವವಳೂ ಅವಳೇ. ಸಸಿ ಬಲಿತು ನೀರು ನಿಂತ ಹೊಲದ ಯಜಮಾನ ಆಗ ಹೆಚ್ಚು ದಿನ ಚೌಕಾಸಿ ಮಾಡಲಾರ. “ನಮ್ ರೇಟಿಗೆ ಒಪ್ಪಿದ್ರ ಬರ್ತೀವಿ, ಇಲ್ಲಂದ್ರ ಬ್ಯಾರೆ ಹೊಲ ಐತಿ” ಎಂದು ಹೇಳಬಲ್ಲ ಧೈರ್ಯ ಒಬ್ಬಳಿಗೆ ಬರುವುದಿಲ್ಲ, ಇಪ್ಪತ್ತು ಮಂದಿಯ ಬೆನ್ನಿದ್ದರೆ ಬರುತ್ತದೆ. ಗುಂಪಿನಲ್ಲಿ ಒಬ್ಬಳು ಬಸುರಿಯಾಗಿದ್ದರೆ, ಒಬ್ಬಳಿಗೆ ಜ್ವರ ಬಂದಿದ್ದರೆ ಉಳಿದವರು ಅವಳ ಸಾಲನ್ನೂ ಎಳೆದುಕೊಂಡು ಮುಗಿಸುತ್ತಾರೆ. ಕೂಲಿಯಲ್ಲಿ ಪಾಲು ಮಾತ್ರ ಸಮ. ಒಗ್ಗಟ್ಟು ಏನೆಂದು ನಾವು ಭಾಷಣಗಳಲ್ಲಿ ಹುಡುಕುತ್ತೇವೆ. ಅದು ಇಲ್ಲಿ, ಕೆಸರಿನಲ್ಲಿ, ವರ್ಷಕ್ಕೆ ಎರಡು ಹಂಗಾಮು ನಡೆಯುತ್ತಿದೆ. ನಾಟಿ ಮುಗಿದ ಮೇಲೆ ಆ ಗುಂಪು ಚದುರಿಹೋಗುತ್ತದೆ ಎಂಬುದೇ ನನ್ನ ಕೊರಗು.

ಇನ್ನೊಂದು ಗುಂಪು ಮಾತ್ರ ವರ್ಷವಿಡೀ ಚದುರುವುದಿಲ್ಲ. ಅದು ಕಂತಿನ ಗುಂಪು. 2000ದ ಹೊತ್ತಿಗೆ ಸ್ತ್ರೀಶಕ್ತಿ ಸಂಘಗಳು ಊರೂರಲ್ಲಿ ಹುಟ್ಟಿದವು. ವಾರಕ್ಕಿಷ್ಟು ಎಂದು ಉಳಿತಾಯ, ಕಷ್ಟಕ್ಕೆ ಕೈಸಾಲ. ಅವುಗಳ ಬಗ್ಗೆ ನನಗೆ ಗೌರವವಿದೆ. ಮೊದಲ ಸಲ ಬ್ಯಾಂಕಿನ ಮೆಟ್ಟಿಲು ಹತ್ತಿಸಿದ್ದು, ಸಹಿ ಕಲಿಸಿದ್ದು ಅವೇ. ಅದರ ಬೆನ್ನಿಗೆ ಮೈಕ್ರೋಫೈನಾನ್ಸ್ ಕಂಪನಿಗಳು ಬಂದವು. ಜಮೀನಿನ ಕಾಗದ ಕೇಳುವುದಿಲ್ಲ, ಆಧಾರ್ ಕಾರ್ಡು ಸಾಕು. ಆದರೆ ಹೆಂಗಸರೇ ಆಗಬೇಕು, ಗುಂಪಾಗಿಯೇ ಬರಬೇಕು, ಒಬ್ಬಳು ತಪ್ಪಿದರೆ ಉಳಿದವರು ಕಟ್ಟಬೇಕು. ಹೆಂಗಸರು ಮಾನಕ್ಕೆ ಅಂಜುತ್ತಾರೆ, ಊರು ಬಿಟ್ಟು ಓಡುವುದಿಲ್ಲ ಎಂಬ ನಂಬಿಕೆಯ ಮೇಲೆ ಈ ಇಡೀ ವ್ಯವಹಾರ ನಿಂತಿದೆ. ಹಣ ಹೆಂಡತಿಯ ಹೆಸರಿನಲ್ಲಿ ಬಂದು ಗಂಡನ ಬೋರ್‌ವೆಲ್‌ಗೋ, ಬೈಕಿಗೋ, ಮಗಳ ಮದುವೆಗೋ ಹೋಗುತ್ತದೆ. ತೀರಿಸುವ ಹೊಣೆ ಅವಳದೇ.

ಕಂತಿನ ದಿನ ಯಾರದೋ ಮನೆಯ ಪಡಸಾಲೆಯಲ್ಲಿ ಎಲ್ಲರೂ ಸಾಲಾಗಿ ಕೂರುತ್ತಾರೆ. ಬೈಕಿನಲ್ಲಿ ಬಂದ ಹುಡುಗ ಹೆಸರು ಕರೆಯುತ್ತಾನೆ. ಒಬ್ಬಳು ಇಲ್ಲ. ಅವಳು ತರುವ ತನಕ ಯಾರೂ ಏಳುವಂತಿಲ್ಲ. ಆಗ ಆ ಗುಂಪಿನ ಹೆಂಗಸರೇ ಎದ್ದು ಅವಳ ಮನೆಗೆ ಹೋಗಿ ಬಾಗಿಲ ಮುಂದೆ ಕೂರುತ್ತಾರೆ. ನಿನ್ನೆ ಅವಳ ಸಾಲು ನೆಟ್ಟುಕೊಟ್ಟವರೇ ಇವತ್ತು ಅವಳ ಅಡಿಗೆಮನೆಯ ಪಾತ್ರೆ ಎಣಿಸುತ್ತಾರೆ. ಹೆಂಗಸರು ಪರಸ್ಪರರಿಗೆ ಜಾಮೀನು ನಿಲ್ಲುವ ಹಳೆಯ ಗುಣವನ್ನೇ ಪರಸ್ಪರರ ಮೇಲೆ ಕಾವಲಿಡುವ ಸಾಧನ ಮಾಡಿದ ವ್ಯವಸ್ಥೆ ಇದು. ಕಿರುಕುಳ ತಾಳದೆ ಜನ ಊರು ಬಿಟ್ಟ, ಪ್ರಾಣ ಕಳೆದುಕೊಂಡ ಸುದ್ದಿಗಳು ರಾಜ್ಯದ ಎಲ್ಲ ಕಡೆಯಿಂದ ಬಂದ ಮೇಲೆ 2025ರ ಫೆಬ್ರವರಿಯಲ್ಲಿ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತಂದಿತು. ವಸೂಲಿಗಾರನ ಬೈಗುಳಕ್ಕೆ ಅದು ಕಡಿವಾಣ ಹಾಕಬಹುದು. ಒಬ್ಬಳ ಬಡತನಕ್ಕೆ ಒಂಬತ್ತು ಮಂದಿಯನ್ನು ಹೊಣೆ ಮಾಡುವ ಪದ್ಧತಿ ಹಾಗೇ ಇದೆ.

ಈ ಎರಡು ಗುಂಪುಗಳ ನಡುವೆಯೇ ನನ್ನ ಪ್ರಶ್ನೆಯಿದೆ. ಹೆಂಗಸರು ಒಂದಾಗಬೇಕು ಎಂದು ಮಾರ್ಚ್ 8ರಂದು ವೇದಿಕೆಯ ಮೇಲಿಂದ ಕರೆ ಕೊಡುತ್ತೇವೆ. ಇಲ್ಲಿಯ ಹೆಂಗಸರು ಈಗಾಗಲೇ ಹತ್ತು ಕಡೆ ಒಂದಾಗಿದ್ದಾರೆ. ಅವರನ್ನು ಒಟ್ಟು ಮಾಡಿದವರು ಯಾರು, ಆ ಒಟ್ಟುಗೂಡುವಿಕೆಯ ಲಾಭ ಯಾರ ಕಿಸೆಗೆ ಹೋಗುತ್ತಿದೆ ಎಂದು ಕೇಳುವುದು ಹೆಚ್ಚು ಮುಖ್ಯ.

ಗುಂಪೇ ಇಲ್ಲದೆ ಹೆಣ್ಣು ತೀರಾ ಒಂಟಿಯಾಗುವ ಜಾಗವೊಂದಿದೆ. ಅದು ಉಪನೋಂದಣಾಧಿಕಾರಿ ಕಚೇರಿ. ಅಪ್ಪ ತೀರಿಕೊಂಡ ಮೇಲೆ, ಅಥವಾ ಅಣ್ಣತಮ್ಮಂದಿರು ಬೇರೆಯಾಗುವಾಗ, ಗಂಡನ ಮನೆಯಿಂದ ಅವಳನ್ನು ಕರೆಸುತ್ತಾರೆ. ಅವತ್ತು ಅಣ್ಣ ಬಸ್‌ಸ್ಟ್ಯಾಂಡಿಗೇ ಬಂದಿರುತ್ತಾನೆ. ಅತ್ತಿಗೆ ಹೋಳಿಗೆ ಮಾಡಿರುತ್ತಾಳೆ. ಬೆರಳಚ್ಚು, ಫೋಟೋ, ಎರಡು ಸಹಿ. ಹಕ್ಕು ಬಿಡುಗಡೆ ಪತ್ರ ಆಯಿತು. ಕೈಗೊಂದು ಸೀರೆ, ಒಂದಿಷ್ಟು ರೊಕ್ಕ. “ಹೊಲ ಬೇಕೋ, ತವರುಮನಿ ಬೇಕೋ ನೋಡವ್ವ” ಎಂಬ ಮಾತನ್ನು ಬಾಯಿಬಿಟ್ಟು ಆಡಬೇಕಾಗಿಯೂ ಇಲ್ಲ, ಅವಳೇ ಅದನ್ನು ಮನಸ್ಸಿನಲ್ಲಿ ಆಡಿಕೊಂಡು ಬಂದಿರುತ್ತಾಳೆ. ಕರ್ನಾಟಕ 1994ರಲ್ಲೇ, ಕೇಂದ್ರಕ್ಕಿಂತ ಹನ್ನೊಂದು ವರ್ಷ ಮೊದಲು, ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಡುವ ತಿದ್ದುಪಡಿ ತಂದ ರಾಜ್ಯ. ಅದು ಆಗ ಮದುವೆಯಾಗದ ಹೆಣ್ಣುಮಕ್ಕಳಿಗಷ್ಟೇ ಇತ್ತು. 2005ರ ಕೇಂದ್ರದ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳಿಗೆ ಕೊಟ್ಟಿತು. ಇದು ಹುಟ್ಟಿನಿಂದಲೇ ಬರುವ ಹಕ್ಕು, 2005ರಲ್ಲಿ ಅಪ್ಪ ಬದುಕಿರಬೇಕೆಂದೇನಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಕಾನೂನು ಮೂರು ಸಲ ಬಾಗಿಲು ತೆರೆದಿದೆ. ಬಿಡುಗಡೆ ಪತ್ರ ಮೂರೂ ಸಲ ಅದನ್ನು ಮುಚ್ಚಿದೆ.

ಇದರ ಪರಿಣಾಮ ಸಣ್ಣದಲ್ಲ. 2015-16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿಗಳಲ್ಲಿ ಹೆಂಗಸರು ನಡೆಸುವವು ನೂರಕ್ಕೆ 14ರಷ್ಟು. ಪಹಣಿಯಲ್ಲಿ ಹೆಸರಿಲ್ಲದವಳು ಸರ್ಕಾರದ ಕಣ್ಣಿಗೆ ರೈತಳೇ ಅಲ್ಲ. ಕಿಸಾನ್ ಸಮ್ಮಾನ್‌ನ ವರ್ಷದ 6000 ರೂಪಾಯಿ ಪಹಣಿಯಲ್ಲಿದ್ದವರಿಗೆ, ಬೆಳೆಸಾಲ ಪಹಣಿಯಲ್ಲಿದ್ದವರಿಗೆ, ಬೆಳೆ ಪರಿಹಾರವೂ ಅವರಿಗೇ. ಗಂಡ ಸತ್ತ ಮೇಲೆ ಪೌತಿ ಖಾತೆಗಾಗಿ ನಾಡಕಚೇರಿಗೆ ಅಲೆಯುವ ವಿಧವೆಯನ್ನು ಮೈದುನನೇ ಸಾಕ್ಷಿ ಹೇಳಿ ಉಳಿಸಬೇಕು, ಅವನೇ ತಕರಾರು ಹಾಕಿ ಕೆಡಿಸಲೂಬಹುದು. ಬೀಜ ಬಿತ್ತಿದವಳು, ಕಳೆ ಕಿತ್ತವಳು, ರಾಶಿ ತೂರಿದವಳು ತನ್ನ ಹೊಲದಲ್ಲೇ ಕೂಲಿಯವಳಾಗುತ್ತಾಳೆ.

ಅಣ್ಣನ ಜೊತೆ ನ್ಯಾಯಾಲಯಕ್ಕೆ ಹೋಗಿ ಎಂದು ಯಾರಿಗೂ ಸುಲಭವಾಗಿ ಹೇಳಲಾರೆ. ಗಂಡನ ಮನೆಯಲ್ಲಿ ಹೊಡೆತ ಬಿದ್ದಾಗ ಓಡಿ ಬರಲು ಅವಳಿಗಿರುವುದು ಆ ತವರೊಂದೇ. ಆದರೆ ಅಕ್ಕತಂಗಿಯರು ಮೊದಲೇ ಕೂಡಿ ಮಾತಾಡಿಕೊಂಡು, ನಾವ್ಯಾರೂ ಸಹಿ ಹಾಕುವುದಿಲ್ಲ, ಪಾಲು ಬರೆದುಕೊಡಿ, ಬೇಕಾದರೆ ಕೋರಿಗೆ ನೀವೇ ಮಾಡಿ ಎಂದು ಒಂದೇ ದನಿಯಲ್ಲಿ ಹೇಳಿದರೆ ಮಾತಿನ ತೂಕವೇ ಬೇರೆಯಾಗುತ್ತದೆ. ಆ ಮನೆಯ ಸೊಸೆ ಅವರ ಪರ ನಿಲ್ಲುವುದು ಕಷ್ಟ, ಅವಳ ಗಂಡನ ಪಾಲು ಕಡಿಮೆಯಾಗುತ್ತದಲ್ಲ. ಆದರೆ ಅದೇ ಸೊಸೆ ಇನ್ನೊಂದು ಮನೆಯ ಮಗಳು. ಅವಳ ಬಿಡುಗಡೆ ಪತ್ರವೂ ಎಲ್ಲೋ ಒಂದು ಕಚೇರಿಯಲ್ಲಿ ಸಿದ್ಧವಾಗುತ್ತಿರುತ್ತದೆ.

ಹೊಡೆತದ ಮಾತು ಬಂತು. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಕಂಡೆವು ಎಂದ ವಿವಾಹಿತೆಯರು ಕರ್ನಾಟಕದಲ್ಲಿ ನೂರಕ್ಕೆ 44. ದೇಶದಲ್ಲೇ ಅತಿ ಹೆಚ್ಚು. ಅದೇ ಸಮೀಕ್ಷೆಯ ಮತ್ತೊಂದು ಅಂಕಿ ನನ್ನನ್ನು ಇದಕ್ಕಿಂತ ಹೆಚ್ಚು ಕಲಕಿತು. ಅತ್ತೆಮಾವನಿಗೆ ಅಗೌರವ, ಮನೆ ಮಕ್ಕಳ ಕಡೆ ಅಲಕ್ಷ್ಯ ಮುಂತಾದ ಕಾರಣಗಳಲ್ಲಿ ಒಂದಕ್ಕಾದರೂ ಗಂಡ ಹೊಡೆಯುವುದು ಸರಿ ಎಂದ ಹೆಂಗಸರು ಕರ್ನಾಟಕದಲ್ಲಿ ನೂರಕ್ಕೆ 77ರಷ್ಟಿದ್ದರು. ಇದನ್ನು ಹೆಂಗಸರ ಅಜ್ಞಾನ ಎಂದು ತಳ್ಳಿಹಾಕುವುದು ಅನ್ಯಾಯ. ಬಿಟ್ಟು ಹೋಗಲು ಜಾಗವಿಲ್ಲದವಳು ಇರುವ ಜಾಗಕ್ಕೆ ಒಂದು ಕಾರಣ ಹುಡುಕಿಕೊಂಡು ಬದುಕುತ್ತಾಳೆ. ಪಕ್ಕದ ಮನೆಯಲ್ಲಿ ಕೂಗು ಕೇಳಿದರೂ “ಗಂಡಹೆಂಡ್ತಿ ಜಗಳ, ನಮಗ್ಯಾಕ” ಎಂದು ಬಾಗಿಲು ಹಾಕಿಕೊಳ್ಳುವುದನ್ನು ಮಾತ್ರ ನಾವು ಬದಲಿಸಬಹುದು. ಅದಕ್ಕೆ ಸರ್ಕಾರಿ ಆದೇಶ ಬೇಕಿಲ್ಲ, ನಾಲ್ಕು ಹೆಂಗಸರು ಒಟ್ಟಿಗೆ ಹೋಗಿ ಬಾಗಿಲು ಬಡಿದರೆ ಸಾಕು.

ಕುಡಿತದ ವಿಷಯದಲ್ಲಿ ಅವರು ಹಾಗೆ ಹೋಗಿದ್ದಾರೆ. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು, ಆದರೆ ಕಿರಾಣಿ ಅಂಗಡಿಯ ಹಿಂದೆ, ಪಾನ್ ಡಬ್ಬಿಯ ಕೆಳಗೆ ಪಾಕೀಟಿನ ಮದ್ಯ ಸಿಗುವುದು ನಿಲ್ಲಲಿಲ್ಲ. ರಾಯಚೂರಿನ ಹಳ್ಳಿಗಳ ಹೆಂಗಸರು ಮದ್ಯ ನಿಷೇಧ ಆಂದೋಲನ ಕಟ್ಟಿದರು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ 200 ಕಿಲೋಮೀಟರಿಗೂ ಹೆಚ್ಚು ನಡೆದರು. ಹರಿದ ಚಪ್ಪಲಿ, ಬೊಕ್ಕೆ ಎದ್ದ ಕಾಲು, ತಲೆಯ ಮೇಲೆ ಬಟ್ಟೆಯ ಗಂಟು. ಆ ನಡಿಗೆಯಲ್ಲಿ ನಮ್ಮ ಜಿಲ್ಲೆಯ ಹಿರಿಯ ಹೆಣ್ಣುಮಗಳೊಬ್ಬಳು ಹೆದ್ದಾರಿಯ ಅಪಘಾತದಲ್ಲಿ ತೀರಿಕೊಂಡಳು. ಬೆಂಗಳೂರು ಅವರಿಗೆ ಕೊಟ್ಟ ಉತ್ತರದಲ್ಲಿ ಮದ್ಯದ ಆದಾಯದ ಲೆಕ್ಕವೇ ಹೆಚ್ಚು ತೂಗಿತು.

ಒಗ್ಗಟ್ಟಿಗೆ ಅಡ್ಡ ನಿಂತಿರುವುದು ಗಂಡಸರಷ್ಟೇ ಎಂದು ಬರೆದರೆ ಸುಳ್ಳಾಗುತ್ತದೆ. ನಾಟಿ ಗುಂಪಿನ ಮುಂದಾಳಿನ ಜೊತೆ ಹತ್ತಿಪ್ಪತ್ತು ರೂಪಾಯಿಗೆ ಜಗ್ಗಾಡುವವಳು ಎಷ್ಟೋ ಸಲ ಸಾವ್ಕಾರರ ಮನೆಯ ಹೆಂಗಸೇ. ನೀರು ಕೊಡುವಾಗ ಚೊಂಬನ್ನು ಮೇಲೆತ್ತಿ ಬೊಗಸೆಗೆ ಹೊಯ್ಯುವ ಕೈಯೂ ಹೆಣ್ಣಿನದೇ. ಕೂಲಿಯವಳು ಮೂಲೆಯಲ್ಲಿ ಕೂತು ಉಣ್ಣುವ ಮನೆಯಲ್ಲಿ ಒಡತಿ ತಾನೂ ಗಂಡಸರೆಲ್ಲ ಉಂಡ ಮೇಲೆ ಉಣ್ಣುತ್ತಾಳೆ ಎಂಬುದು ನಿಜ. ಆದರೆ ಇಬ್ಬರ ಹಸಿವೂ ಒಂದೇ ಎಂದು ಹೇಳುವ ಹಕ್ಕು ಒಡತಿಗಿಲ್ಲ. ದಲಿತ ಹೆಣ್ಣಿನ ಮೇಲೆ ಜಾತಿ, ಕೂಲಿ, ಹೆಣ್ತನ ಮೂರೂ ಒಟ್ಟಿಗೆ ಬೀಳುತ್ತವೆ. ದೇವದಾಸಿ ಪದ್ಧತಿಗೆ ಕೊಟ್ಟ ಹೆಣ್ಣುಮಕ್ಕಳು ಯಾವ ಕೇರಿಯವರು ಎಂದು ಕೇಳಿದರೆ ಸಾಕು, ಉತ್ತರ ಎಲ್ಲರಿಗೂ ಗೊತ್ತು. 1982ರ ಕಾಯ್ದೆ ಮುತ್ತು ಕಟ್ಟುವುದನ್ನು ಅಪರಾಧ ಮಾಡಿತು. ದೇವದಾಸಿ ವಿಮೋಚನಾ ಸಂಘದ ಹೆಂಗಸರು ಮಾಸಾಶನಕ್ಕಾಗಿ, ಭೂಮಿಗಾಗಿ, ಮಕ್ಕಳ ಶಾಲೆಯ ಅರ್ಜಿಯಲ್ಲಿ ಅಪ್ಪನ ಹೆಸರಿನ ಜಾಗದ ಅವಮಾನ ತಪ್ಪಿಸಲು ದಶಕಗಳಿಂದ ಹೋರಾಡಿದರು. ತಂದೆಯ ಹೆಸರಿನ ಒತ್ತಾಯ ಬಿಡುವ ಮಸೂದೆಗೆ ವಿಧಾನಮಂಡಲ ಒಪ್ಪಿದ್ದು 2025ರಲ್ಲಿ. ಮೇಲ್ಜಾತಿಯ ಮಹಿಳಾ ಮಂಡಳಿಗಳು ಈ ಹೋರಾಟದ ಜೊತೆಗೆ ಎಷ್ಟು ಸಲ ನಿಂತಿವೆ ಎಂದು ತಮ್ಮನ್ನೇ ಕೇಳಿಕೊಳ್ಳಬೇಕು.

ಜಾತಿಯ ಕೆಳಗಿನಿಂದಲೇ ಎದ್ದ ಒಗ್ಗಟ್ಟಿಗೆ ಹತ್ತಿರದ ಉದಾಹರಣೆ ಸಿಂಧನೂರು ರಸ್ತೆಯ ಪೋತ್ನಾಳದ ಜಾಗೃತ ಮಹಿಳಾ ಸಂಘಟನೆ. ಎರಡು ದಶಕಕ್ಕೂ ಹಿಂದೆ ದಲಿತ ಕೂಲಿ ಹೆಂಗಸರು ಕಟ್ಟಿದ್ದು. ಕೂಲಿ ಹೆಚ್ಚಳ, ಪಡಿತರ, ಗಂಡನ ಹಿಂಸೆ, ಮಕ್ಕಳ ಶಾಲೆ ಎಲ್ಲವನ್ನೂ ಅವರು ಒಂದೇ ಚಾಪೆಯ ಮೇಲೆ ಕೂತು ಮಾತಾಡಿದರು. ಜೊತೆಗೆ ಸುಟ್ಟ ಮಣ್ಣಿನ ಸರ, ಓಲೆ ಮಾಡಿ ಮಾರುವುದನ್ನು ಕಲಿತರು. ಊರ ಸಾವ್ಕಾರ ಒಂದು ವಾರ ಕೂಲಿಗೆ ಕರೆಯದಿದ್ದರೂ ಒಲೆ ಉರಿಯುವಂತೆ ಮಾಡಿಕೊಂಡದ್ದು ಅವರ ಜಾಣತನ. ಸ್ವಂತ ಗಳಿಕೆಯ ಬೆಂಬಲ ಇಲ್ಲದ ಒಗ್ಗಟ್ಟು ಸುಗ್ಗಿಯ ತನಕವೂ ಬಾಳುವುದಿಲ್ಲ.

ಈ ನೆಲಕ್ಕೆ ಇಂಥ ಹೆಣ್ಣುಗಳು ಹೊಸಬರಲ್ಲ. ಆಯ್ದಕ್ಕಿ ಲಕ್ಕಮ್ಮ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವಳು. ಕಲ್ಯಾಣದಲ್ಲಿ ಅಕ್ಕಿ ಆಯ್ದು ತರುವ ಕಾಯಕದ ಗಂಡ ಮಾರಯ್ಯ ಒಂದು ದಿನ ದಿನದ ಅಗತ್ಯಕ್ಕಿಂತ ಹೆಚ್ಚು ತಂದಾಗ, ಅದು ನಮ್ಮದಲ್ಲ, ಹೋಗಿ ಅಲ್ಲೇ ಸುರಿದು ಬಾ ಎಂದು ತಿರುಗಿ ಕಳಿಸಿದವಳು. ಹನ್ನೆರಡನೆಯ ಶತಮಾನದಲ್ಲಿ, ಕೂಲಿಗೆ ಸಮನಾದ ಕಾಯಕದ ಮನೆಯಲ್ಲಿ, ಲೆಕ್ಕ ಕೇಳಿದ್ದು ಹೆಂಡತಿ. ಜಾತ್ರೆಯ ದಿನ ಅವಳ ಹೆಸರು ಹೇಳುವ ನಾವು ಉಳಿದ ದಿನ ಮನೆಯ ಲೆಕ್ಕ ಕೇಳಿದ ಹೆಂಡತಿಯನ್ನು ಬಾಯಿಬಡುಕಿ ಎನ್ನುತ್ತೇವೆ.

ಅದೇ ತಾಲ್ಲೂಕಿನ ಹಟ್ಟಿಯ ನೆಲದ ಒಳಗೆ ಹೆಂಗಸು ಇಳಿದು ದುಡಿಯುವುದನ್ನು 1952ರ ಗಣಿ ಕಾಯ್ದೆ ತಡೆದಿತ್ತು. 2019ರಲ್ಲಿ ಕೇಂದ್ರ ಆ ನಿರ್ಬಂಧ ಸಡಿಲಿಸಿತು, ಅದೂ ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಹುದ್ದೆಗಳಿಗೆ, ಹಗಲು ಹೊತ್ತಿಗೆ. ಆ ಹುದ್ದೆಗೆ ಡಿಪ್ಲೊಮಾ, ಎಂಜಿನಿಯರಿಂಗ್ ಬೇಕು. ಆದರೆ ಹತ್ತಿ ಬಿಡಿಸುವ ದಿನಗಳಲ್ಲಿ ಎಂಟನೇ ಇಯತ್ತೆಯ ಹುಡುಗಿಯ ಪುಸ್ತಕದ ಚೀಲ ಮೊಳೆಗೆ ತೂಗಿರುತ್ತದೆ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಗಂಡಸರಲ್ಲಿ ಅಕ್ಷರಸ್ಥರು ನೂರಕ್ಕೆ 70, ಹೆಂಗಸರಲ್ಲಿ 49ರ ಹತ್ತಿರ. ಸಂವಿಧಾನದ 371(ಜೆ) ವಿಧಿ ಈ ಭಾಗಕ್ಕೆ ಕೊಟ್ಟ ಮೀಸಲಾತಿ ನಮ್ಮ ಹುಡುಗಿಯರಿಗೂ ಇದೆ, ಅದರ ಬಾಗಿಲಿನವರೆಗೆ ಅವರು ತಲುಪಬೇಕು.

ಶಕ್ತಿ ಯೋಜನೆಯ ಬಗ್ಗೆ ಪುಕ್ಕಟೆ ಬಸ್ಸು ಎಂದು ಹಂಗಿಸುವವರಿಗೆ ಒಂದು ಮಾತು ಹೇಳಬೇಕು. 2023ರ ಜೂನ್‌ನಿಂದ ಲಿಂಗಸುಗೂರಿನ ತಾಂಡಾದ ಹುಡುಗಿ ಅಪ್ಪನ ಹತ್ತಿರ ಕೈಚಾಚದೆ ಕಾಲೇಜಿಗೆ ಹೋಗುತ್ತಿದ್ದಾಳೆ, ಹೊಡೆತ ತಿಂದವಳು ರೊಕ್ಕವಿಲ್ಲದೆಯೂ ತವರಿಗೆ ಬರುತ್ತಿದ್ದಾಳೆ. ಗೃಹಲಕ್ಷ್ಮಿಯ 2000 ರೂಪಾಯಿ ಎಷ್ಟೋ ಮನೆಯಲ್ಲಿ ಔಷಧಿ, ಎಷ್ಟೋ ಮನೆಯಲ್ಲಿ ಕಂತು. ನೂರು ಸಭೆ ಮಾಡಿದರೂ ಆಗದಷ್ಟು ಈ ಬಸ್ಸು ಹೆಂಗಸರನ್ನು ಮನೆಯಿಂದ ಹೊರಗೆ ತಂದಿದೆ ಎಂಬುದು ನನ್ನ ಅಭಿಪ್ರಾಯ.

ಅಧಿಕಾರದ ಕುರ್ಚಿಯೂ ಸಿಕ್ಕಿದೆ. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರದು. ಅಧ್ಯಕ್ಷೆಯ ಬದಲು ಅವರ ಯಜಮಾನರೇ ಫೋನ್ ಎತ್ತುವುದು ನಿಂತಿಲ್ಲ, ನಿಜ. ಆದರೆ ಎರಡನೇ ಸಲ ಗೆದ್ದು ಬಂದವಳು ಪಿಡಿಒ ಮುಂದೆ ಕೂತು ಕಡತ ಕೇಳುವುದನ್ನೂ ಕಂಡಿದ್ದೇನೆ. ಮಹಿಳಾ ಗ್ರಾಮಸಭೆ ಕರೆಯುವ ಅವಕಾಶ ಅವಳ ಕೈಲಿದೆ. ನಾಟಿಯ ಗುಂಪು ಹಂಗಾಮು ಮುಗಿದ ಮೇಲೂ ಚದುರದೆ ಉಳಿಯಬೇಕಾದರೆ ಅದು ಬಂದು ಕೂರಬೇಕಾದ ಜಾಗ ಈ ಸಭೆ. ಅಲ್ಲಿ ಕೇಳಬೇಕಾದ್ದು ಏನೆಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಹಂಗಾಮು ಶುರುವಾಗುವ ಮುಂಚೆ ಇಡೀ ಊರಿಗೆ ಒಂದೇ ದರ, ಹೆಣ್ಣಾಳು ಗಂಡಾಳಿಗೆ ಭೇದವಿಲ್ಲದ ಕೂಲಿ. ಪೌತಿ ಖಾತೆಯ ಅರ್ಜಿಗೆ ಊರಲ್ಲೇ ಒಂದು ದಿನ. ಒಬ್ಬಳು ಕಂತು ತಪ್ಪಿದರೆ ಅವಳ ಬಾಗಿಲಿಗೆ ಯಾರೂ ಹೋಗುವುದಿಲ್ಲ ಎಂಬ ನಿರ್ಣಯ. ಮತ್ತು 2023ರಲ್ಲಿ ಸರ್ಕಾರ ಘೋಷಿಸಿದ ಕೂಸಿನ ಮನೆ, ಅಂದರೆ ಕೂಲಿ ತಾಯಂದಿರ ಮಕ್ಕಳ ಪಾಲನಾ ಕೇಂದ್ರ, ನಾಟಿಯ ದಿನಗಳಲ್ಲಿ ಬೆಳಿಗ್ಗೆ ಟಂಟಂ ಬರುವ ಮೊದಲೇ ಬಾಗಿಲು ತೆರೆಯಬೇಕು.